ತಾಮ್ರದ ಕಾಸಿಗೆ ಹುಣಸೆಹಣ್ಣು ಹಚ್ಚುವ ಮುನ್ನ



ತಿರುಪ್ಪೂರು, ಕೊಯಮತ್ತೂರು ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಅಜ್ಜಿ ಕಾಲದ ಒಂದೆರಡು ತಾಮ್ರದ ಕಾಸು ಇರುವುದುಂಟು. ಹಬ್ಬ ಬಂತೆಂದರೆ ಪೂಜೆಯ ಪಾತ್ರೆಗಳ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ಉಜ್ಜುತ್ತೇವೆ. ಕಾಸು ಹೊಳೆಯುತ್ತದೆ; ಅದರ ಮೇಲಿನ ಕಥೆ ಸವೆಯುತ್ತದೆ.

ಚಿನ್ನದ ನಾಣ್ಯ ಖಜಾನೆಗೆ, ದೊಡ್ಡ ವ್ಯಾಪಾರಕ್ಕೆ. ತಾಮ್ರದ ಕಾಸು ಸಂತೆಗೆ, ಸಾಮಾನ್ಯರ ಕೈಗೆ. ಆದ್ದರಿಂದ ಜನ ಬಲ್ಲ ದೇವರು, ಜನ ಬಲ್ಲ ಕಥೆ ಅದರ ಮೇಲೆ ಬಂತು. ರೋಮ್ ಸಾಮ್ರಾಜ್ಯದಲ್ಲೂ ಹೀಗೆಯೇ. ಅಲ್ಲಿನ ಪ್ರಾಂತ್ಯದ ಊರುಗಳು ಕಂಚಿನ ಕಾಸಿನಲ್ಲಿ ತಮ್ಮ ಊರಿನ ಪುರಾಣವನ್ನೇ ಅಚ್ಚು ಹಾಕಿದವು: ಟ್ರಾಯ್ ಊರಿನವರು ವೀರ ಹೆಕ್ಟರನನ್ನು, ಅಪಾಮಿಯದವರು ನೋವನ ನಾವೆಯನ್ನು. ರೋಮಿನ ಹಣ ನಮ್ಮ ನೊಯ್ಯಲ್ ಹೊಳೆಯ ದಡಕ್ಕೂ ಬಂದಿತ್ತು. ಕೊಯಮತ್ತೂರಿನ ವೆಳ್ಳಲೂರಿನಲ್ಲಿ 1842ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು.

ನಮ್ಮ ಅರಸರ ನಾಣ್ಯಗಳನ್ನು ನೋಡೋಣ. ವಿಜಯನಗರದ ಒಂದನೆಯ ಹರಿಹರ, ಬುಕ್ಕರ ಕಾಲದಲ್ಲಿ ಹನುಮಂತ. ಕೃಷ್ಣದೇವರಾಯನ ತಾಮ್ರದ ಕಾಸಿನಲ್ಲಿ ಗರುಡ. ಅಚ್ಯುತರಾಯನ ಕಾಲದಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಕಡಲೆಬೇಳೆಯಷ್ಟು ಚಿಕ್ಕ ಚಿನ್ನದ ಹಣದಲ್ಲಿ ನರಸಿಂಹನನ್ನು ಕೂರಿಸಿದರು. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಕೈಯಲ್ಲಿತ್ತು. ಹೈದರಾಲಿ ಕೂಡ ತನ್ನ ಚಿನ್ನದ ವರಹದಲ್ಲಿ ಶಿವ-ಪಾರ್ವತಿಯರನ್ನು ಉಳಿಸಿಕೊಂಡ. ಜನರಿಗೆ ರೂಢಿಯಾದ ಅಚ್ಚೇ ಪೇಟೆಯಲ್ಲಿ ನಡೆಯುತ್ತದಲ್ಲವೇ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿ ಸಿಂಹವೂ ‘ಶ್ರೀ ಚಾಮುಂಡಿ’ ಎಂಬ ಕನ್ನಡ ಅಕ್ಷರವೂ ಇವೆ. ಸಿಂಹ ತಾಯಿಯ ವಾಹನ.

ನಿಮ್ಮಲ್ಲಿ ಅಂಥ ಕಾಸು ಇದ್ದರೆ ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಮೇಲೆತ್ತಿದ ಬಾಲ ಕಂಡರೆ ಹನುಮಂತ, ಕೊಕ್ಕು-ರೆಕ್ಕೆ ಕಂಡರೆ ಗರುಡ. ಹಿಂಬದಿಯ ಅಕ್ಷರ ಕನ್ನಡವೋ ನಾಗರಿಯೋ ಗಮನಿಸಿ. ಎರಡೂ ಬದಿಯ ಫೋಟೋ ತೆಗೆದು, ತೂಕ ಬರೆದು, ಯಾರಿಂದ ಬಂತೆಂದು ಹಿರಿಯರನ್ನು ಕೇಳಿ ಬರೆದಿಡಿ. ಹುಣಸೆ, ನಿಂಬೆ, ಬೂದಿ ಯಾವುದೂ ಬೇಡ. ಒಣಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಮೇಲಿನ ಕಪ್ಪು, ಹಸಿರು ಪದರದ ಜೊತೆ ಗೆರೆಗಳೂ ಹೋದರೆ ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು: ನೆಲ ಅಗೆಯುವಾಗ ಹಳೆಯ ನಾಣ್ಯಗಳು ಸಿಕ್ಕರೆ ಗುಜರಿಗೆ ತೂಗಿ ಹಾಕಬೇಡಿ. ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳುತ್ತದೆ. ಕರಗಿದ ಮೇಲೆ ಗರುಡನೂ ಒಂದೇ, ಹಳೇ ತಂತಿಯೂ ಒಂದೇ.