ಟರ್ಬೊ ಎಂಜಿನ್ನಿನ ಸಮತಟ್ಟಾದ ಟಾರ್ಕ್: ಕೆರೆ, ಕೋಡಿ ಮತ್ತು ಏರಿ



ಕ್ಲಾಂಡಾಲ್ಕಿನ್ನಿನಲ್ಲಿ ನೆಲೆಸಿರುವ ನಿಮಗೆ ನಾಸ್ ರಸ್ತೆಯಿಂದ ರೆಡ್ ಕೌ ಕೂಡುರಸ್ತೆಯನ್ನು ಹಾಯ್ದು ಎಂ-50 ಹೆದ್ದಾರಿಯನ್ನು ಸೇರುವುದು ನಿತ್ಯದ ಅನುಭವ. ಲಾರಿಗಳ ಸಾಲಿನೊಳಗೆ ನುಸುಳಬೇಕಾದ ಆ ಕೆಲವು ಕ್ಷಣಗಳಲ್ಲಿ ಕಾರಿಗೆ ಬೇಕಾಗುವುದು ಜಾಹೀರಾತಿನಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುವ ಅಶ್ವಶಕ್ತಿಯಲ್ಲ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಕೈಗೆ ಸಿಗುವ ತಿರುಚುಬಲ, ಅಂದರೆ ಟಾರ್ಕ್. ನಮ್ಮ ಮನೆಗಳ ತರುಣರು ಹಳೆಯ ಟರ್ಬೊ ಕಾರುಗಳನ್ನು ಕೊಂಡು 'ರೀಮ್ಯಾಪ್' ಮಾಡಿಸುವ ಉತ್ಸಾಹದಲ್ಲಿರುವುದರಿಂದ, ಈ ಬಲವನ್ನು ಸಮತಟ್ಟಾಗಿಸುವುದೆಂದರೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಬೀಸುವ ಕಲ್ಲಿನ ಗೂಟವನ್ನು ಹಿಡಿದು ನಾವು ಹಾಕುವ ಒತ್ತು ಟಾರ್ಕ್. ಆ ಒತ್ತಿನಿಂದ ಕಲ್ಲನ್ನು ಎಷ್ಟು ಬೇಗ ತಿರುಗಿಸುತ್ತೇವೆಂಬುದೂ ಸೇರಿದಾಗ ಅದು ಶಕ್ತಿ. ಫೋಕ್ಸ್‌ವ್ಯಾಗನ್ ಬಳಗದ 1.8 ಲೀಟರ್ ಟರ್ಬೊ ಎಂಜಿನ್ನನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದರ 150 ಅಶ್ವಶಕ್ತಿಯ ಮಾದರಿ ನಿಮಿಷಕ್ಕೆ 1750 ಸುತ್ತುಗಳಿಂದ 4600 ಸುತ್ತುಗಳವರೆಗೆ ಒಂದೇ ಸಮನಾಗಿ 210 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತಿತ್ತು. ಲೆಕ್ಕ ಹಾಕಿದರೆ ಆರಂಭದಲ್ಲಿ ಸುಮಾರು 38 ಕಿಲೊವ್ಯಾಟ್, ಕೊನೆಯಲ್ಲಿ ಸುಮಾರು 101 ಕಿಲೊವ್ಯಾಟ್. ಟಾರ್ಕಿನ ರೇಖೆ ಮೇಜಿನಂತೆ ಮಟ್ಟಸವಾಗಿದ್ದರೆ ಶಕ್ತಿಯ ರೇಖೆ ನೇರವಾದ ಇಳಿಜಾರಿನಂತೆ ಏರುತ್ತದೆ. ಚಾಲಕನಿಗೆ ಯಾವ ಹಂತದಲ್ಲೂ ಆಶ್ಚರ್ಯವಿರುವುದಿಲ್ಲ.

ಟರ್ಬೊ ಎಂಜಿನ್ನಿನಲ್ಲಿ ಈ ಮಟ್ಟ ತಾನಾಗಿ ಬರುವುದಿಲ್ಲ. ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮೇಲಿರುವ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೊಗೆ ಹೆಚ್ಚಿದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಹೊಗೆ ಹೆಚ್ಚು. ತಡೆಯಿಲ್ಲದಿದ್ದರೆ ಕೆಳಗೆ ಬರಗಾಲ, ಮೇಲೆ ಪ್ರವಾಹ. 1973ರ ಬಿಎಂಡಬ್ಲ್ಯು 2002 ಟರ್ಬೊ, ಒತ್ತಿದ ಮೇಲೆ ಕಾಯಿಸಿ ಆಮೇಲೆ ಒಮ್ಮೆಲೇ ನುಗ್ಗುವ ಸ್ವಭಾವಕ್ಕೇ ಹೆಸರಾಯಿತು. ಸ್ವೀಡನ್ನಿನ ಸಾಬ್ ಸಂಸ್ಥೆ 1977ರಲ್ಲಿ ಪ್ರದರ್ಶಿಸಿದ 99 ಟರ್ಬೊ ಕಾರಿನಲ್ಲಿ ಬೇರೆ ದಾರಿ ಹಿಡಿಯಿತು: ಚಿಕ್ಕ ಟರ್ಬೊ, ಜೊತೆಗೆ ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಹರಿಯಬಿಡುವ 'ವೇಸ್ಟ್‌ಗೇಟ್' ಎಂಬ ಬಾಗಿಲು.

ಈ ಬಾಗಿಲು ನಮಗೆ ಹೊಸದಲ್ಲ. ಅದು ಕೆರೆಯ ಕೋಡಿ. ಎಷ್ಟೇ ಮಳೆ ಸುರಿದರೂ ನೀರು ಕೋಡಿಯ ಮಟ್ಟದಲ್ಲೇ ನಿಲ್ಲುತ್ತದೆ, ಮಿಕ್ಕದ್ದು ಹರಿದುಹೋಗುತ್ತದೆ. ಕೆರೆ ಚಿಕ್ಕದಾದರೆ ಮೊದಲ ಮಳೆಗೇ ತುಂಬುತ್ತದೆ. ಚಿಕ್ಕ ಟರ್ಬೊ 1750 ಸುತ್ತಿಗೇ ಪೂರ್ಣ ಒತ್ತಡ ಕೊಡುವುದು ಹೀಗೆ. ಆದರೆ ಕೋಡಿಯ ಬಾಯಿ ಕಿರಿದಾಗಿದ್ದರೆ ಜಡಿಮಳೆಯಲ್ಲಿ ನೀರು ಮಟ್ಟ ಮೀರುತ್ತದೆ. ಎಂಜಿನ್ನಿನಲ್ಲಿಯೂ ಅಷ್ಟೆ, ಇಕ್ಕಟ್ಟಾದ ವೇಸ್ಟ್‌ಗೇಟ್ ಇದ್ದರೆ ಮೇಲಿನ ವೇಗದಲ್ಲಿ ಒತ್ತಡ ಕೈಮೀರುತ್ತದೆ.

ಇಲ್ಲಿಂದ ಮುಖ್ಯ ಮಾತು. ಸಮತಟ್ಟಾದ ರೇಖೆಯನ್ನು ಪಡೆಯುವುದು ಕೂಡಿಸುವ ಕೆಲಸಕ್ಕಿಂತ ಹೆಚ್ಚಾಗಿ ಕಳೆಯುವ ಕೆಲಸ. ನಡುವಿನ ವೇಗದಲ್ಲಿ ಎಂಜಿನ್ ಸುಲಭವಾಗಿ ಕೊಡಬಲ್ಲ ಗುಡ್ಡವನ್ನು ಬೇಕೆಂದೇ ಕತ್ತರಿಸಿದಾಗ ಮೇಜು ಹುಟ್ಟುತ್ತದೆ. ನಮ್ಮವರು ಬೆಂಗಳೂರಿನಲ್ಲಿ ಬಹುಕಾಲ 'ಮೈಕೊ' ಎಂದೇ ಕರೆದ ಕಂಪನಿಯ ಜರ್ಮನ್ ಮಾತೃಸಂಸ್ಥೆ ಬಾಷ್ 1990ರ ದಶಕದ ಕೊನೆಯಲ್ಲಿ ತಂದ ನಿಯಂತ್ರಕಗಳಲ್ಲಿ ಪೆಡಲ್ ಕೇಳುವುದೇ ಟಾರ್ಕನ್ನು. ಗಾಳಿ, ಕಿಡಿ, ಇಂಧನ ಮೂರೂ ಆ ಬೇಡಿಕೆಗೆ ಹೊಂದಿಕೊಳ್ಳುತ್ತವೆ. ಆದ್ದರಿಂದ ಆ ಮೇಜು ಬಹುಮಟ್ಟಿಗೆ ಕೋಷ್ಟಕದಲ್ಲಿ ಬರೆದಿಟ್ಟ ಮಿತಿ.

ರೀಮ್ಯಾಪ್ ಎಂದರೆ ಈ ಕೋಡಿಯ ಕಲ್ಲನ್ನು ಎತ್ತರಿಸುವುದು. ಆಗ ಏರಿಯ ಬಲವನ್ನೂ ನೋಡಬೇಕಲ್ಲವೆ? ಗ್ರಾಹಕರನ್ನು ಬೇಗ ಮೆಚ್ಚಿಸಲು ಕೆಳ ವೇಗದಲ್ಲೇ ಒತ್ತಡವನ್ನು ಏರಿಸುವ ರೂಢಿಯಿದೆ. ಅಪಾಯ ಹೆಚ್ಚಿರುವುದು ಅಲ್ಲಿಯೇ. ಪಿಸ್ಟನ್ ನಿಧಾನವಾಗಿ ಚಲಿಸುವಾಗ ಬಿಸಿಯಾದ ಮಿಶ್ರಣ ಒತ್ತಡದಲ್ಲಿ ಬಹುಹೊತ್ತು ಉಳಿಯುತ್ತದೆ. ಅಕಾಲದಲ್ಲಿ ಹೊತ್ತಿಕೊಂಡು 'ನಾಕಿಂಗ್' ಸದ್ದು ಕೇಳಿಬರುತ್ತದೆ. ಸಿಲಿಂಡರಿನೊಳಕ್ಕೇ ನೇರವಾಗಿ ಇಂಧನ ಚಿಮ್ಮಿಸುವ ಎಂಜಿನ್ನುಗಳಲ್ಲಿ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿ ಪಿಸ್ಟನ್ ಒಡೆಯುವುದೂ ಉಂಟು. ಕನೆಕ್ಟಿಂಗ್ ರಾಡ್ ಬಾಗುವುದು, ಕ್ಲಚ್ ಜಾರುವುದು ಕೂಡ ಟಾರ್ಕಿನ ಭಾರದಿಂದ. ಮೇಲಿನ ತುದಿಯಲ್ಲಿ ತೊಂದರೆ ಬೇರೆ ಬಗೆಯದು: ಚಿಕ್ಕ ಟರ್ಬೊ ಗಾಳಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಕಾಯಿಸತೊಡಗುತ್ತದೆ. ಮೇಲೆ ಹೇಳಿದ ಎಂಜಿನ್ 5700 ಸುತ್ತುಗಳಲ್ಲಿ ಗರಿಷ್ಠ ಶಕ್ತಿ ಕೊಡುವಾಗ ಅದರ ಟಾರ್ಕ್ ಸುಮಾರು 184ಕ್ಕೆ ಇಳಿದಿರುತ್ತದೆ. ಆ ಇಳಿತವನ್ನು ಬಲವಂತದಿಂದ ಎತ್ತಿಹಿಡಿಯಲು ಹೊರಟರೆ ಟರ್ಬೊದ ಆಯುಸ್ಸು ಕುಗ್ಗುತ್ತದೆ.

ಆದುದರಿಂದ ಕ್ರಮ ಹೀಗಿದ್ದರೆ ಒಳಿತು. ಮೊದಲು ಇರುವ ಸ್ಥಿತಿಯಲ್ಲೇ ಡೈನಮೋಮೀಟರ್ ಮೇಲೆ ಅಳೆಯಿಸಬೇಕು. ಸೋರುವ ಕೊಳವೆ, ಸವೆದ ಸ್ಪಾರ್ಕ್ ಪ್ಲಗ್‌ಗಳಿಂದಲೇ ಮೇಜು ಕುಸಿದಿರುವುದು ಅಪರೂಪವಲ್ಲ. ಒಳ್ಳೆಯ ಇಂಟರ್‌ಕೂಲರ್ ಹಾಕಿ ಗಾಳಿಯನ್ನು ತಂಪಾಗಿಸುವುದು, ಒತ್ತಡ ಏರಿಸುವುದಕ್ಕಿಂತ ಸಭ್ಯವಾದ ಉಪಾಯ. ಅನಂತರ ಒತ್ತಡವನ್ನು 2500 ಸುತ್ತುಗಳ ಆಸುಪಾಸಿನವರೆಗೆ ಮೆಲ್ಲಗೆ ಏರಿಸಿ, ಅಲ್ಲಿಂದ ಮುಂದೆ ಟಾರ್ಕ್ ಮಟ್ಟಸವಾಗಿರುವಂತೆ ಕೇಳಿಕೊಳ್ಳಬೇಕು. ಒಂದು ಎಚ್ಚರ: ಕಾಗದದ ರೇಖೆ ಪೆಡಲನ್ನು ಪೂರ್ತಿ ಒತ್ತಿದಾಗಿನದು. ಒತ್ತಿದ ಕ್ಷಣಕ್ಕೂ ಬಲ ಬರುವ ಕ್ಷಣಕ್ಕೂ ನಡುವಿನ ಅಂತರವನ್ನು ಅದು ಹೇಳುವುದಿಲ್ಲ. ರೆಡ್ ಕೌನಲ್ಲಿ ನಿಮಗೆ ಬೇಕಾದದ್ದು ಅದೇ.

ಇನ್ನು ಹಣದ ಮಾತು. ಐರ್ಲೆಂಡಿನಲ್ಲಿ 2008ರ ಜುಲೈ 1ಕ್ಕೆ ಮೊದಲು ನೋಂದಾಯಿತವಾದ ಕಾರುಗಳಿಗೆ ರಸ್ತೆ ತೆರಿಗೆ ಎಂಜಿನ್ನಿನ ಗಾತ್ರದ ಮೇಲೆ, ಅನಂತರದವಕ್ಕೆ ಹೊಗೆಯ ಇಂಗಾಲದ ಮೇಲೆ. ಚಿಕ್ಕ ಟರ್ಬೊ ಎಂಜಿನ್ನಿನ ಆಕರ್ಷಣೆಗೆ ಇದೂ ಒಂದು ಕಾರಣ. ರೀಮ್ಯಾಪ್ ಮಾಡಿಸಿದರೆ ಹಳೆಯ ಕಾರಿನ ತೆರಿಗೆ ಏರುವುದಿಲ್ಲ, ನಿಜ. ಆದರೆ ವಿಮೆಯ ಅರ್ಜಿಯಲ್ಲಿ ಕಾರನ್ನು ಮಾರ್ಪಡಿಸಲಾಗಿದೆಯೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ 'ಇಲ್ಲ' ಎಂದು ಬರೆದ ಮಗನ ಕಾರು ನಾಳೆ ಅಪಘಾತಕ್ಕೆ ಸಿಕ್ಕರೆ, ಪರಿಹಾರದ ಹಣದ ಚರ್ಚೆ ಆರಂಭವಾಗುವುದು ಆ ಒಂದು ಪದದಿಂದ.