ಸೀಟು ಸಿಕ್ತಾ? ಸ್ಟೇಟಸ್‌ಗೆ ಹಾಕೋ ಮುಂಚೆ ಮಗಳನ್ನ ಕೇಳಿ

ಸಂಜೆ ಏಳರ ಹೊತ್ತು. ನೀವು ಒಲೆ ಮುಂದೆ ರೊಟ್ಟಿ ಬಡೀತಾ ಕೂತಿದ್ದೀರಿ. ಪಿ.ಟಿ. ಮಾಸ್ತರ ಫೋನು ಬರುತ್ತೆ. ‘ಅಕ್ಕಾರ, ನಿಮ್ಮ ಹುಡುಗಿ ಹೆಸರು ಲಿಸ್ಟಿನ್ಯಾಗ ಬಂದೈತ್ರೀ!’ ಅವರ ಮಾತು ಮುಗಿಯೋದರೊಳಗೆ ಹಂಚಿನ ಮೇಲಿನ ರೊಟ್ಟಿ ಸೀದು ಕರಕಲು. ಸೀಯಲಿ ಬಿಡಿ, ಇಂಥ ಸುದ್ದಿಗೆ ಒಂದು ರೊಟ್ಟಿ ಹೋದರೆ ಏನಂತೆ!

ಅಷ್ಟರಲ್ಲಿ ಹಿರಿಮಗ ತಂಗಿಯ ಫೋಟೊ ಹುಡುಕಿ, ಸುತ್ತ ಗುಲಾಬಿ ಹೂ ಅಂಟಿಸಿ, ‘ಕಂಗ್ರಾಟ್ಸ್ ತಂಗಿ, ಊರಿನ ಹೆಮ್ಮೆ’ ಅಂತ ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಯೇಬಿಟ್ಟ. ಕಾಲು ಗಂಟೆಯಲ್ಲಿ ಗಂಗಾವತಿಯ ಮಾಮಾನಿಂದ ಹಿಡಿದು ದುಡಿಯಲು ಮಂಗಳೂರಿಗೆ ಹೋದ ಕಾಕಾನವರೆಗೆ ಎಲ್ಲರಿಗೂ ಗೊತ್ತಾಯ್ತು. ಓಣಿಯ ಹುಡುಗರು ಫ್ಲೆಕ್ಸ್ ಮಾಡಿಸೋಕೆ ಪಟ್ಟಿ ಎತ್ತುತ್ತಿದ್ದಾರೆ. ಫ್ಲೆಕ್ಸಿನಲ್ಲಿ ಹುಡುಗಿಯ ಫೋಟೊ ದೊಡ್ಡದಿರಬೇಕೋ, ಲೀಡರ್ ಫೋಟೊ ದೊಡ್ಡದಿರಬೇಕೋ ಅನ್ನೋ ಚರ್ಚೆಯೂ ಶುರುವಾಗಿದೆ!

ಈ ಸಡಗರದಲ್ಲಿ ಒಬ್ಬಳನ್ನು ಮಾತ್ರ ಯಾರೂ ಕೇಳಿಲ್ಲ. ಆಟ ಆಡಿದವಳನ್ನು.

ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹೆಣ್ಣುಮಗಳಿಗೆ ಆಟದ ಬಲದಿಂದ ಊರು ದಾಟೋಕೆ ಇವತ್ತು ದಾರಿಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ, ಧಾರವಾಡದಲ್ಲಿ ಸಾಯ್ ಕೇಂದ್ರ ಇದೆ. ಆಟಗಾರರನ್ನು ದತ್ತು ತಗೊಂಡು ಓದಿಸುವ ಮೂಡುಬಿದಿರೆಯ ಆಳ್ವಾಸ್ ಇದೆ, ಕಾಲೇಜುಗಳಲ್ಲಿ ಕ್ರೀಡಾ ಕೋಟಾ ಇದೆ. ‘ಖೊ ಖೊ ಆಡಿ ಏನ್ ಸಾಧಿಸ್ತೀ’ ಅಂತ ಕೇಳುತ್ತಿದ್ದವರ ಬಾಯಿ 2025ರ ಜನವರಿಯಲ್ಲಿ ಮುಚ್ಚಿತು. ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಾಗಾಗಿ ಸಂಭ್ರಮ ಸುಳ್ಳಲ್ಲ. ಆದರೆ ಸಂಭ್ರಮಕ್ಕೂ ಒಂದು ಹೊತ್ತು ಅಂತ ಇರುತ್ತೆ ಅಲ್ವೇ?

ಲಿಸ್ಟ್ ಬಂದರೆ ಸೀಟು ಬಂದಂತಲ್ಲ

ಮೊದಲು ಮಾಸ್ತರನ್ನೇ ಕೇಳಿ, ‘ಇದು ಯಾವ ಲಿಸ್ಟ್ ಸರ್?’ ಅಂತ. ಇಂಥ ಆಯ್ಕೆ ಹಂತ ಹಂತವಾಗಿ ನಡೆಯೋದು. ಜಿಲ್ಲೆಯಲ್ಲಿ ಗೆದ್ದವಳು ಮುಂದಿನ ಸುತ್ತಿಗೆ ಹೋಗಬೇಕು. ತಾತ್ಕಾಲಿಕ ಪಟ್ಟಿ ಬೇರೆ, ಅಂತಿಮ ಪಟ್ಟಿ ಬೇರೆ. ನಡುವೆ ವೇಟಿಂಗ್ ಲಿಸ್ಟ್ ಅನ್ನೋದೊಂದು ಇರಬಹುದು. ಆಮೇಲೆ ವೈದ್ಯಕೀಯ ತಪಾಸಣೆ, ವಯಸ್ಸಿನ ದಾಖಲೆ, ಟಿ.ಸಿ. ಜನ್ಮ ಪ್ರಮಾಣ ಪತ್ರದಲ್ಲಿ ಒಂದು ತಾರೀಖು, ಶಾಲೆಯ ದಾಖಲೆಯಲ್ಲಿ ಇನ್ನೊಂದು ತಾರೀಖು ಇದ್ದರೂ ಸಾಕು, ಕೈಗೆ ಬಂದದ್ದು ಅಲ್ಲೇ ನಿಂತುಬಿಡುತ್ತೆ.

ಊರೆಲ್ಲ ಸಾರಿದ ಮೇಲೆ ಹೀಗಾದರೆ ದೊಡ್ಡವರು ‘ಹೋಗ್ಲಿ ಬಿಡು’ ಅಂದು ಮರೀತಾರೆ. ಹದಿನಾಲ್ಕು ವರ್ಷದ ಹುಡುಗಿ ಮರೆಯಲ್ಲ. ನೀರಿಗೆ ಹೋದಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ ‘ಯಾಕವಾ, ಹೋಗಿಲ್ಲೇನ ಇನ್ನಾ?’ ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳೇ. ಸೀಟು ಖಾತ್ರಿಯಾದ ಪತ್ರ ಕೈಗೆ ಬಂದು, ದಾಖಲಾತಿ ಮುಗಿಯೋವರೆಗೆ ಸುದ್ದಿ ಮನೆಯೊಳಗಿರಲಿ. ಹುಲಿಗೆಮ್ಮಗೆ ಕಾಯಿ ಒಡೆಸಿ ಬನ್ನಿ, ಅದಕ್ಕೇನು ಸ್ಟೇಟಸ್ ಬೇಕಿಲ್ಲ.

ಅಮೆರಿಕದಲ್ಲಿ ಇದೊಂದು ಹಬ್ಬವೇ ಆಗಿದೆ ನೋಡಿ. ಅಲ್ಲಿ ಕಾಲೇಜುಗಳು ಶಾಲೆಯ ಆಟಗಾರರ ಬೆನ್ನು ಹತ್ತುತ್ತವೆ. ಹುಡುಗ ಮೇಜಿನ ಮೇಲೆ ಮೂರ್ನಾಲ್ಕು ಕಾಲೇಜಿನ ಟೋಪಿ ಇಟ್ಟುಕೊಂಡು, ಎಲ್ಲರ ಎದುರು ಒಂದನ್ನು ತಲೆಗೆ ಹಾಕಿಕೊಳ್ತಾನೆ, ಅದೇ ಘೋಷಣೆ! ಹುಡುಗಿಯರು ಕಾಲೇಜಿನ ಜೆರ್ಸಿ ತೊಟ್ಟ ಪೋಸ್ಟರ್ ಮಾಡಿಸಿ ಇನ್‌ಸ್ಟಾಗ್ರಾಂಗೆ ಹಾಕ್ತಾರೆ. ಕೆಳಗೆ ಅಪ್ಪ, ಅಮ್ಮ, ಕೋಚ್ ಎಲ್ಲರಿಗೂ ಥ್ಯಾಂಕ್ಸ್. ಆದರೆ ಸಹಿ ಆಗೋ ಮುಂಚಿನ ಆ ಮಾತಿಗೆ ಹುಡುಗಿಯೂ ಕಟ್ಟುಬೀಳಬೇಕಿಲ್ಲ, ಕಾಲೇಜೂ ಕಟ್ಟುಬೀಳಬೇಕಿಲ್ಲ. ಸಹಿಗೆ ಅಂತಲೇ 1964ರಿಂದ ಇದ್ದ ಒಂದು ಪತ್ರವನ್ನು 2024ರ ಅಕ್ಟೋಬರಿನಲ್ಲಿ ಕೈಬಿಟ್ಟರು. ಈಗ ವಿದ್ಯಾರ್ಥಿವೇತನದ ಒಪ್ಪಂದವೇ ಆಧಾರ. ಹಾಗಾಗಿ ಘೋಷಣೆ ಆದಮೇಲೂ ಮನಸ್ಸು ಬದಲಾಯಿಸಿ, ‘ನಾನು ಆ ಕಾಲೇಜಿಗೆ ಹೋಗ್ತಿಲ್ಲ’ ಅಂತ ಇನ್ನೊಂದು ಪೋಸ್ಟ್ ಹಾಕೋರು ಬೇಕಾದಷ್ಟು ಮಂದಿ. ಜನ ನಾಲ್ಕು ದಿನ ಬೈದು ಸುಮ್ಮನಾಗ್ತಾರೆ.

ನಮ್ಮಲ್ಲಿ ಆ ಎರಡನೇ ಪೋಸ್ಟ್ ಹಾಕೋ ಧೈರ್ಯ ಯಾವ ಹುಡುಗಿಗಿದೆ ಹೇಳಿ? ನನಗೆ ಕಳವಳ ಇರೋದು ಇಲ್ಲೇ.

ವಾಪಸ್ ಬರೋ ಬಾಗಿಲು

ಹಾಸ್ಟೆಲಿನ ಮೊದಲ ತಿಂಗಳುಗಳು ಸುಲಭ ಅಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ಮಗು ಕರಾವಳಿಗೆ ಹೋದರೆ ಕುಚ್ಚಲಕ್ಕಿ ಅನ್ನದ ಮುಂದೆ ಕೂತು ಅಳೋದುಂಟು. ಬೆಳಕು ಹರಿಯೋ ಮುಂಚೆ ಪ್ರಾಕ್ಟೀಸು, ಆಮೇಲೆ ಕ್ಲಾಸು, ಸಂಜೆ ಮತ್ತೆ ಮೈದಾನ. ಮಂಡಿಗೆ ಪೆಟ್ಟಾಗಬಹುದು. ಇವೆಲ್ಲ ಸಾಮಾನ್ಯ, ಹೆಚ್ಚಿನ ಮಕ್ಕಳು ಹೊಂದಿಕೊಳ್ತಾರೆ. ಆದರೆ ಹೊಂದಿಕೊಳ್ಳಬಾರದ ಸಂಗತಿಗಳೂ ಇರ್ತವೆ. ಯಾರೋ ಮೈಮುಟ್ಟಿ ಮಾತಾಡ್ತಾರೆ, ಯಾರೋ ರಾತ್ರಿ ಮೆಸೇಜ್ ಕಳಿಸ್ತಾರೆ. ಆಗ ಅವಳ ಕಣ್ಣ ಮುಂದೆ ಬರೋದು ಬಸ್ ಸ್ಟ್ಯಾಂಡಿನ ಆ ಫ್ಲೆಕ್ಸು. ‘ಊರ ಮಂದಿಯೆಲ್ಲ ಹಾರ ಹಾಕಿ ಕಳಿಸ್ಯಾರ, ಈಗ ಹೆಂಗ ವಾಪಸ್ ಹೋಗ್ಲಿ?’ ಅಂತ ಬಾಯಿ ಕಟ್ಟಿಕೊಂಡು ಕೂರ್ತಾಳೆ.

ಅದಕ್ಕೇ ಸ್ಟೇಟಸ್‌ಗಿಂತ ಮೊದಲು ಅವಳಿಗೆ ಒಂದು ಮಾತು ಹೇಳಿ. ‘ನೋಡವಾ, ಅಲ್ಲಿ ಏನಾದ್ರೂ ಸರಿ ಅನಿಸ್ಲಿಲ್ಲಂದ್ರ ಒಂದು ಫೋನ್ ಮಾಡು. ಯಾಕಂತ ಆಮೇಲೆ ಕೇಳ್ತೀನಿ, ಮೊದಲು ಬಂದು ನಿನ್ನ ಕರ್ಕೊಂಡು ಬರ್ತೀನಿ.’ ಮಕ್ಕಳ ಸಹಾಯವಾಣಿ 1098 ಅನ್ನೋದನ್ನೂ ಬಾಯಿಪಾಠ ಮಾಡಿಸಿ. 18 ತುಂಬದ ಮಗುವಿನ ಮೇಲಿನ ಲೈಂಗಿಕ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ ಅಂತ ನಿಮಗೂ ಗೊತ್ತಿರಲಿ.

ಹಾಗಂತ ಸುದ್ದಿ ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಹೇಳೋದರಿಂದ ಲಾಭವೂ ಉಂಟು. ಹತ್ತನೇ ಕ್ಲಾಸ್ ಮುಗೀತಿದ್ದ ಹಾಗೆ ‘ಒಳ್ಳೆ ಮನೆತನ ಐತಿ, ನೋಡೂಣೇನು?’ ಅಂತ ಬರೋ ಬೀಗರಿಗೆ ಒಂದು ಪೋಸ್ಟ್ ಮುಖದ ಮೇಲೆ ಬಾಗಿಲು ಹಾಕಿದಂತೆ. ಊರಿನ ಇನ್ನೊಬ್ಬ ಹುಡುಗಿಯ ಅಪ್ಪ ಅದನ್ನು ನೋಡಿ, ‘ನಮ್ಮಕಿನ್ನೂ ಕಳಿಸೂಣಲ್ಲ’ ಅಂತಾನೆ. ಇದು ಸಣ್ಣ ಮಾತೇನಲ್ಲ.

ಹೇಳೋದು ಹೇಗೆ ಅನ್ನೋದೇ ಪ್ರಶ್ನೆ. ದಾಖಲಾತಿ ಮುಗಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಹಾಕೋಣವಾ ಬೇಡವಾ, ಯಾವ ಫೋಟೊ, ಏನು ಬರೀಬೇಕು? ‘ಬ್ಯಾಡವ್ವಾ’ ಅಂದರೆ ಅಲ್ಲಿಗೆ ಮುಗೀತು. ಅಣ್ಣನಿಗೆ, ಮಾಮಾನಿಗೆ ಅದನ್ನು ಹೇಳೋ ಜವಾಬ್ದಾರಿ ನಿಮ್ಮದು. ಚಡ್ಡಿ ಬನಿಯನ್ನಿನಲ್ಲಿ ಓಡ್ತಿರೋ ಫೋಟೊ ಬೇಡ ಅಂದರೆ ನಾಚಿಕೆ ಅಂತ ನಗಬೇಡಿ. ಹಾಕು ಅಂದರೆ ಅದಕ್ಕೂ ನಗಬೇಡಿ, ಅದು ಅವಳು ಆಡೋ ಉಡುಪು, ಅಷ್ಟೆ.

ಆಯ್ಕೆ ಪತ್ರವನ್ನಂತೂ ಹಾಗೇ ಫೋಟೊ ತೆಗೆದು ಹಾಕಲೇಬೇಡಿ. ಅದರಲ್ಲಿ ಹುಟ್ಟಿದ ತಾರೀಖು, ವಿಳಾಸ, ಫೋನ್ ನಂಬರ್ ಇರಬಹುದು, ಜೊತೆಗಿಟ್ಟ ಆಧಾರ್ ಕೂಡ ಫೋಟೊದಲ್ಲಿ ಬಂದಿರುತ್ತೆ. ನಾಳೆ ಯಾರೋ ಫೋನ್ ಮಾಡಿ, ‘ಸೀಟ್ ಕನ್ಫರ್ಮ್ ಆಗ್ಬೇಕಂದ್ರೆ ಐದು ಸಾವಿರ ಹಾಕಿ’ ಅಂದರೆ ನಂಬೋ ಹಾಗೆ ಎಲ್ಲ ವಿವರ ಹೇಳ್ತಾರೆ. ಅಂಥ ಫೋನ್ ಬಂದರೆ ದುಡ್ಡು ಹಾಕದೆ ಕೊಪ್ಪಳದ ಕ್ರೀಡಾ ಇಲಾಖೆ ಕಚೇರಿಗೋ, ಸೀಟು ಕೊಟ್ಟ ಸಂಸ್ಥೆಗೋ ನೇರ ಹೋಗಿ ವಿಚಾರಿಸಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಯಾವ ಹಾಸ್ಟೆಲ್, ಯಾವ ದಿನ, ಯಾವ ಗಾಡಿಗೆ ಹೊರಟಿದ್ದಾಳೆ ಅನ್ನೋದೂ ಸ್ಟೇಟಸ್ಸಿನಲ್ಲಿ ಬೇಡ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಹುಬ್ಬಳ್ಳಿ ರೈಲು ಬಂತಲ್ಲ, ಆ ಸ್ಟೇಷನ್ನಿನಲ್ಲಿ ಬೀಳ್ಕೊಡೋ ಫೋಟೊ ತೆಗೀರಿ, ಆದರೆ ಅವಳು ಹೋಗಿ ಮುಟ್ಟಿದ ಮೇಲೆ ಹಾಕಿ.

ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತೆ ಅಂತ ಧೈರ್ಯ ಬೇಡ. ಸ್ಕ್ರೀನ್‌ಶಾಟ್ ಹೊಡೆಯೋಕೆ ಒಂದು ಸೆಕೆಂಡ್ ಸಾಕು. ಯಾರು ಯಾರು ನೋಡಬಹುದು ಅಂತ ಆರಿಸೋ ಸೌಲಭ್ಯ ವಾಟ್ಸ್‌ಆ್ಯಪ್‌ನಲ್ಲಿದೆ. ಆ ಕೆಲಸ ನಿಮ್ಮ ಮಗಳಿಗೆ ನಿಮಗಿಂತ ಚೆನ್ನಾಗಿ ಬರುತ್ತೆ, ಅವಳಿಂದಲೇ ಮಾಡಿಸಿ!

ಇನ್ನೊಂದು ಮಾತು. ಅವಳ ಜೊತೆಗೇ ಮೂರು ವರ್ಷ ಆಡಿ, ಜೊತೆಗೇ ಟ್ರಯಲ್ಸ್‌ಗೆ ಹೋಗಿ, ಹೆಸರು ಬಾರದೆ ವಾಪಸ್ಸಾದ ಗೆಳತಿ ಪಕ್ಕದ ಓಣಿಯಲ್ಲೇ ಇದ್ದಾಳೆ. ಅವಳು ಈ ಸುದ್ದಿಯನ್ನು ಮೊಬೈಲಿನಲ್ಲಿ ನೋಡಬಾರದು. ಪೋಸ್ಟ್ ಹಾಕೋ ಮುಂಚೆ ನಿಮ್ಮ ಮಗಳು ಅವರ ಮನೆಗೆ ಹೋಗಿ ಬರಲಿ. ಬರಿಗೈಲಿ ಬೇಡ, ಬಟ್ಟಲಲ್ಲಿ ನಾಲ್ಕು ಉಂಡಿ ಇಟ್ಟು ಕಳಿಸಿ. ಮಾಸ್ತರಿಗೂ ಅಷ್ಟೇ, ಥ್ಯಾಂಕ್ಸ್ ಎದುರಿಗೇ ಹೇಳಲಿ.

ಆಮೇಲೆ ಪೋಸ್ಟ್‌ನಲ್ಲಿ ಏನು ಬರೆಯೋದು? ‘ನಾನು ಖೊ ಖೊ ತರಬೇತಿಗೆ ಆಯ್ಕೆಯಾಗಿದ್ದೇನೆ. ಕಲಿಸಿದ ಮಾಸ್ತರಿಗೆ, ಜೊತೆಗೆ ಆಡಿದ ಗೆಳತಿಯರಿಗೆ ಥ್ಯಾಂಕ್ಸ್.’ ಇಷ್ಟೇ ಸಾಕು, ಅವಳ ಕೈಯಲ್ಲೇ ಟೈಪ್ ಆಗಲಿ. ತಪ್ಪಿದ್ದರೂ ಅಣ್ಣ ತಿದ್ದೋಕೆ ಹೋಗದಿರಲಿ. ಅಷ್ಟರೊಳಗೆ ನೀವು ಶೇಂಗಾ ಚಟ್ನಿ ಕುಟ್ಟಿಟ್ಟು, ಖಡಕ್ ರೊಟ್ಟಿ ಕಟ್ಟಿಡಿ. ರೂಮಿನ ಹುಡುಗಿಯರಿಗೂ ಆಗೋ ಅಷ್ಟು.