ಪೀಟರ್ ಲೊರೆ: ವಾಚಿಕಾಭಿನಯಕ್ಕೊಂದು ನಿದರ್ಶನ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕಾಗಿ ವಿಂಗಡಿಸಿರುವುದು ವಿದ್ವಜ್ಜನರಿಗೆ ತಿಳಿದ ವಿಷಯವೇ. ಬಾನುಲಿ ನಾಟಕದಲ್ಲಿ ಆಂಗಿಕಾಹಾರ್ಯಗಳಿಗೆ ಎಡೆಯಿಲ್ಲ. ಸಾತ್ತ್ವಿಕವೂ ಕಂಠದ ಮೂಲಕವೇ ಪ್ರಕಟವಾಗಬೇಕು. ಹೀಗಿರುವಲ್ಲಿ, ಪರದೇಶವನ್ನು ಸೇರಿ ಪರಭಾಷೆಯಲ್ಲಿ ನಟಿಸಬೇಕಾದವನಿಗೆ ಉಚ್ಚಾರಣೆಯ ಅನ್ಯತ್ವವು ದೋಷವೋ, ಗುಣವೋ? ಪೀಟರ್ ಲೊರೆಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಇವನು 1904ನೆಯ ಜೂನ್ 26ರಂದು ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ, ಈಗ ಸ್ಲೊವಾಕಿಯಾಕ್ಕೆ ಸೇರಿರುವ ಪಟ್ಟಣವೊಂದರ ಯಹೂದ್ಯ ಕುಟುಂಬದಲ್ಲಿ ಜನಿಸಿದನು. ಲಾಸ್ಲೊ ಲೊವೆನ್‌ಸ್ಟೈನ್ ಎಂಬುದು ಜನ್ಮನಾಮ. ಬರ್ಲಿನ್ನಿನ ರಂಗಭೂಮಿಯಲ್ಲಿ ಬ್ರೆಖ್ಟನೊಡನೆ ದುಡಿದು, 1931ರಲ್ಲಿ ಫ್ರಿಟ್ಸ್ ಲಾಂಗನ ‘ಎಮ್’ ಎಂಬ ವಾಕ್ಚಿತ್ರದ ಶಿಶುಹಂತಕನ ಪಾತ್ರದಿಂದ ಪ್ರಸಿದ್ಧನಾದನು. 1933ರಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬರಲು ಜರ್ಮನಿಯನ್ನು ತೊರೆದನು. 1934ರಲ್ಲಿ ತೆರೆಕಂಡ ಹಿಚ್‌ಕಾಕನ ಆಂಗ್ಲಚಿತ್ರಕ್ಕಾಗಿ, ಭಾಷೆಯು ಇನ್ನೂ ವಶವಾಗದಿದ್ದುದರಿಂದ, ಮಾತುಗಳನ್ನು ಧ್ವನಿಯನ್ನನುಸರಿಸಿ ಕಂಠಪಾಠಮಾಡಿದನು. ಅರ್ಥಕ್ಕೆ ಮೊದಲು ಸ್ವರವನ್ನು ಕಲಿಯುವ ವೇದಪಾಠಿಗಳಿಗೆ ಇದು ಅಪರಿಚಿತವಾದ ಮಾರ್ಗವೇನಲ್ಲ. ಅನಂತರ ಅಮೆರಿಕಾವನ್ನು ಸೇರಿ, 1941ರಲ್ಲಿ ಆ ದೇಶದ ಪ್ರಜೆಯಾದನು.

ಅವನ ಕಂಠವು ಮೃದುವಾದುದು, ಕಿಂಚಿತ್ ಅನುನಾಸಿಕವಾದುದು; ಪಿಸುಮಾತಿನಿಂದ ಥಟ್ಟನೆ ಆಕ್ರಂದನಕ್ಕೆ ಏರಬಲ್ಲುದು. ನಮ್ಮವರು ಕಾಕುವೆಂದು ಕರೆಯುವ ಸ್ವರವಿಕಾರವೇ ಇಲ್ಲಿ ಪ್ರಧಾನ. 1947ರ ‘ಮಿಸ್ಟರಿ ಇನ್ ದಿ ಏರ್’ ಎಂಬ ಬಾನುಲಿ ಮಾಲೆಯಲ್ಲಿ ಅವನು ಪೋ, ಮೊಪಾಸಾ ಮೊದಲಾದವರ ಕಥೆಗಳನ್ನು ಅಭಿನಯಿಸಿದನು. ಮೊಪಾಸಾನ ‘ಓರ್ಲಾ’ದಲ್ಲಿ ಭಯಕ್ಕೆ ಆಲಂಬನವಾದ ಭೂತವೇ ಅಗೋಚರ, ಕಾಣದುದನ್ನು ಕಾಣಿಸುವ ಭಾರವೆಲ್ಲ ವಾಣಿಯ ಮೇಲೆಯೇ. ಯಾವ ಊರಿನದೆಂದು ಕೇಳುವವರಿಗೆ ನಿಶ್ಚಯವಾಗದ ಆ ಉಚ್ಚಾರಣೆಯು ಭಯಾನಕರಸಕ್ಕೆ ಪೋಷಕವಾಯಿತು. ಹೀಗೆ ದೋಷವು ಗುಣವಾಯಿತು.

ಆದರೆ ಆ ಗುಣವೇ ಬಂಧನವೂ ಆಯಿತು. ಅನ್ಯದೇಶೀಯನೆಂಬ ಕಾರಣದಿಂದಲೇ 1937ರಿಂದ 1939ರವರೆಗೆ ಎಂಟು ಚಿತ್ರಗಳಲ್ಲಿ ಮೋಟೋ ಎಂಬ ಜಪಾನೀ ಪತ್ತೇದಾರನ ವೇಷವು ಅವನಿಗೆ ಒದಗಿತೆಂದು ನಮ್ಮ ಊಹೆ. ಅನಂತರ ಬಹುಮಟ್ಟಿಗೆ ಕ್ರೂರರ, ವಂಚಕರ ಪಾತ್ರಗಳೇ ದೊರೆತುವು. ಇದಕ್ಕಿಂತ ಘೋರವಾದುದು 1940ರ ನಾಟ್ಸಿ ಪ್ರಚಾರಚಿತ್ರ ‘ನಿತ್ಯ ಯಹೂದ್ಯ’. ‘ಎಮ್’ನ ಹಂತಕನ ಆಕ್ರಂದನವನ್ನು ಅದರಲ್ಲಿ ಸೇರಿಸಿ, ನಟನು ಯಹೂದ್ಯನೆಂದು ಎತ್ತಿತೋರಿಸಿ, ಒಂದು ಜನಾಂಗದ ದೂಷಣೆಗೆ ಅದನ್ನೇ ಸಾಕ್ಷ್ಯವಾಗಿ ಬಳಸಿದರು.

ರಸವು ಅನುಕಾರ್ಯನಲ್ಲಿಯೋ, ನಟನಲ್ಲಿಯೋ, ಸಾಮಾಜಿಕನಲ್ಲಿಯೋ ಎಂಬ ನಮ್ಮ ಆಲಂಕಾರಿಕರ ಚರ್ಚೆಯನ್ನು ಶುಷ್ಕವಾದವೆನ್ನುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಇದನ್ನು ತೋರಿಸಬಹುದು. ಚಿತ್ರದ ಕುದುರೆಯು ಕುದುರೆಯೆಂಬ ಅರಿವೂ ಅಲ್ಲ, ಅಲ್ಲವೆಂಬ ಅರಿವೂ ಅಲ್ಲವೆಂದು ಶಂಕುಕನು ಮಾಡಿದ ವಿವೇಕವು ಅಳಿದಲ್ಲಿ ನಾಟ್ಯವೂ ಉಳಿಯದು, ನಟನೂ ಉಳಿಯನು. ಲೊರೆಯು 1951ರಲ್ಲಿ ಜರ್ಮನಿಯಲ್ಲಿ ‘ಕಳೆದುಹೋದವನು’ ಎಂಬ ತನ್ನ ಏಕೈಕ ನಿರ್ದೇಶಿತ ಚಿತ್ರವನ್ನು ತಯಾರಿಸಿದನು. ನಾಟ್ಸಿ ಕಾಲದ ಹಂತಕನೊಬ್ಬನ ಆ ಕಥೆಯನ್ನು ಅಲ್ಲಿನ ಜನರು ಆದರಿಸಲಿಲ್ಲ. ಮರಳಿ ಅಮೆರಿಕಾಕ್ಕೆ ಹೋಗಿ, 1964ನೆಯ ಮಾರ್ಚ್ 23ರಂದು ಅಲ್ಲಿಯೇ ಮೃತನಾದನು.